ಈಜುವವಳು ಒಬ್ಬಳು, ಒದ್ದೆಯಾದವರು ಮನೆಮಂದಿ

ಅಮೆರಿಕಕ್ಕೆ ಹೋಗಿ ಬಂದೆ ಎಂದರೆ ಬಾಳ್ಳುಪೇಟೆಯಲ್ಲಿ ಜನ ಮೊದಲು ಕೇಳುವುದು ದೊಡ್ಡ ಜಲಪಾತ ನೋಡಿದಿರಾ ಎಂದು. ಆಮೇಲೆ ದೀಪ ಎತ್ತಿ ಹಿಡಿದ ಆ ಹೆಂಗಸಿನ ಪ್ರತಿಮೆಯ ವಿಚಾರ. ಎರಡನ್ನೂ ನಾನು ನೋಡಲಿಲ್ಲ. ನಾನು ನೋಡಿದ್ದು ಒಂದು ಈಜುಕೊಳ. ಅದನ್ನು ಮುಂಜಾನೆಯ ಮಂಜಿನಲ್ಲಿ ನೋಡಿದೆ, ತಲೆ ಸಿಡಿಯುವ ಬಿಸಿಲಿನಲ್ಲಿ ನೋಡಿದೆ, ಗುಡುಗಿನಲ್ಲೂ ನೋಡಿದೆ. ಆ ನೀರಿಗೆ ಮಾತ್ರ ಒಂದು ದಿನವೂ ಇಳಿಯಲಿಲ್ಲ.

ಹೋದದ್ದು ತಂಗಿ ರೇಖಾಳ ಮನೆಗೆ. ಅವಳು ವರ್ಜೀನಿಯಾದ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ನರ್ಸ್. ಅವಳ ಗಂಡ ಪ್ರಸನ್ನನಿಗೆ ಔಷಧ ಕಂಪನಿಯ ಕೆಲಸ, ವಾರಕ್ಕೊಂದು ಊರು ಸುತ್ತುತ್ತಾನೆ. ಒಬ್ಬಳೇ ಮಗಳು ಇಂಚರ, ಎಂಟು ವರ್ಷ. "ಜೂನ್‌ನಲ್ಲಿ ಬಾರಕ್ಕ, ಮಗೂಗೆ ಬೇಸಿಗೆ ರಜ" ಎಂದು ರೇಖಾ ಕರೆದಳು. ಹೆಗ್ಗದ್ದೆಯ ನಮ್ಮ ಕಾಫಿ ತೋಟ ಬಿಟ್ಟು ನಾನು ಅಷ್ಟು ದಿನ ಎಲ್ಲೂ ಹೋದವಳಲ್ಲ. ಅನುಮಾನಿಸುತ್ತಿದ್ದೆ.

"ಮಳೆಗಾಲ್ದಲ್ಲಿ ಇಲ್ಲಿದ್ದು ಏನ್ ಕಡಿದು ಗುಡ್ಡೆ ಹಾಕ್ಬೇಕು? ಹೋಗ್ಬಾ ಮಾರಾಯ್ತಿ" ಎಂದರು ನಮ್ಮವರು. "ತೋಟಕ್ಕೆ ಆನೆ ನೀನಿದ್ರೂ ಬರ್ತವೆ, ಇಲ್ದಿದ್ರೂ ಬರ್ತವೆ."

ಹಾಗಾಗಿ ಹೊರಟೆ.

ಪೋಷಕರ ಸಭೆ

ತಲುಪಿದ ಮರುದಿನವೇ, ಇನ್ನೂ ಹಗಲು ಯಾವುದು ರಾತ್ರಿ ಯಾವುದು ಎಂದು ತಲೆಗೆ ಹತ್ತದಿರುವಾಗ, ರೇಖಾ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟಳು. ಅವಳ ಬಡಾವಣೆಯ ಮಕ್ಕಳದ್ದೊಂದು ಈಜು ತಂಡ ಇದೆಯಂತೆ. ಇಂಚರ ಕಳೆದ ವರ್ಷ ಸೇರಿದ್ದಳು, ಈ ವರ್ಷವೂ ಸೇರಿದ್ದಾಳೆ. ತಂಡಕ್ಕೆ ಸೇರಿದವರ ಮನೆಯವರಿಂದ ಏನೇನು ನಿರೀಕ್ಷಿಸಲಾಗುತ್ತದೆ ಎಂದು ತಿಳಿಸುವ ಸಭೆ ಅದು.

ನಮ್ಮ ಕಡೆ ಮಕ್ಕಳು ಈಜು ಕಲಿಯುವುದಕ್ಕೆ ಸಭೆ ಸೇರಿದ್ದನ್ನು ನಾನು ಕಂಡಿಲ್ಲ. ಗಂಡುಹುಡುಗರು ಹಳ್ಳಕ್ಕೆ ಹೋಗುತ್ತಿದ್ದರು, ಒಬ್ಬ ಇನ್ನೊಬ್ಬನನ್ನು ತಳ್ಳುತ್ತಿದ್ದ. ಮನೆಗೆ ಬಂದಾಗ ತಲೆ ಒದ್ದೆಯಿದ್ದರೆ ಅಪ್ಪನಿಂದ ಎರಡು ಬೀಳುತ್ತಿತ್ತು. ಅಪ್ಪನ ಜವಾಬ್ದಾರಿ ಅಲ್ಲಿಗೆ ಮುಗಿಯಿತು. ಹೆಣ್ಣುಮಕ್ಕಳಾದ ನಾವು ದಡದಲ್ಲಿ ಬಟ್ಟೆ ಒಗೆಯುತ್ತಿದ್ದೆವು. ಹಾಗಾಗಿ ನನಗೂ ರೇಖಾಳಿಗೂ ಈಜು ಬರುವುದಿಲ್ಲ.

ಸಭೆಯ ಮುಂದೆ ನಿಂತಿದ್ದವಳು ಡೆಬ್ಬಿ. ಅಗಲ ಅಂಚಿನ ಟೋಪಿ, ಕೊರಳಲ್ಲಿ ಸೀಟಿ, ಮಾತಾಡಿದರೆ ಹಿಂದಿನ ಸಾಲಿನ ಮಗು ಅಳು ನಿಲ್ಲಿಸುವಂಥ ದನಿ. ಅವಳ ನಾಲ್ಕೂ ಮಕ್ಕಳು ತಂಡದಲ್ಲಿದ್ದಾರೆ. ರೇಖಾ ನನ್ನ ಕಿವಿಯಲ್ಲಿ ಅವಳ ಮಾತನ್ನು ಕನ್ನಡಕ್ಕೆ ಇಳಿಸುತ್ತಾ ಹೋದಳು. ಪ್ರತಿ ಪಂದ್ಯಕ್ಕೂ ಪ್ರತಿ ಮನೆಯಿಂದ ಒಬ್ಬರು ಕೆಲಸಕ್ಕೆ ಬರಲೇಬೇಕು. ಯಾರೂ ಬರದಿದ್ದರೆ ಆ ಮನೆಯ ಮಗು ನೀರಿಗಿಳಿಯುವಂತಿಲ್ಲ. ಕೆಲವರು ಸಮಯ ಅಳೆಯುವ ಗಡಿಯಾರ ಒತ್ತಬೇಕು, ಕೆಲವರು ಮಕ್ಕಳನ್ನು ಸಾಲಾಗಿ ನಿಲ್ಲಿಸಬೇಕು, ಕೆಲವರು ತಿಂಡಿ ಮಾರಬೇಕು, ಕೆಲವರು ಬಹುಮಾನದ ರಿಬ್ಬನ್ನಿಗೆ ಹೆಸರಿನ ಚೀಟಿ ಅಂಟಿಸಬೇಕು. ಕೂರುವ ಕುರ್ಚಿಯನ್ನು ಮನೆಯಿಂದ ತರಬೇಕು, ಆದರೆ ಕೂರಲು ಸಮಯ ಸಿಗುತ್ತದೆ ಎಂದು ಭಾವಿಸಬಾರದು. ಕೋಚ್ ಕಲಿಸುವಾಗ ಬೇಲಿಯಾಚೆಯಿಂದ ಮಗುವಿಗೆ ಕೂಗಿ ಹೇಳಬಾರದು. ಪಂದ್ಯ ಮುಗಿದ ಮೇಲೆ "ಗೆದ್ದೆಯಾ?" ಎಂದು ಕೇಳಲೇಬಾರದು, "ಖುಷಿಯಾಯಿತಾ?" ಎಂದೇ ಕೇಳಬೇಕು.

"ಮಕ್ಕಳೇನು ಮಾಡ್ಬೇಕಂತೆ?" ಎಂದೆ.

"ಖುಷಿಯಾಗಿರ್ಬೇಕಂತೆ."

"ಅಷ್ಟೇನಾ?"

"ಅಷ್ಟೇ ಕಣಕ್ಕ."

ನಮ್ಮಲ್ಲಿ ಮಗುವಿನ ಖುಷಿ ಮಗುವಿನ ಪಾಡು. ಅಲ್ಲಿ ಅದಕ್ಕೆ ಊರೊಟ್ಟಿನ ಆಳು ಬೇಕು. ಕಾಫಿ ಕುಯಿಲಿನ ಕಾಲದಲ್ಲಿ ದೊಡ್ಡ ಎಸ್ಟೇಟುಗಳ ರೈಟರ್‌ಗಳು ಬೆಳಿಗ್ಗೆ ಕೂಲಿಯವರ ಹಾಜರಿ ಕೂಗಿ ಕೆಲಸ ಹಂಚುತ್ತಾರಲ್ಲ, ಡೆಬ್ಬಿ ಹಾಗೆಯೇ ಹಂಚಿದಳು. ವ್ಯತ್ಯಾಸ ಇಷ್ಟೇ, ನಮ್ಮ ಕೂಲಿಯವರು ರೈಟರ್‌ಗೆ ಎದುರಾಡುತ್ತಾರೆ. ಅಲ್ಲಿ ಡಾಕ್ಟರುಗಳೂ ವಕೀಲರೂ ಬಾಯಿ ಮುಚ್ಚಿಕೊಂಡು ತಮ್ಮ ಪಾಲಿನ ಕೆಲಸ ಒಪ್ಪಿಕೊಂಡರು.

ಹೊರಡುವಾಗ ಇಂಚರ ನನ್ನನ್ನು "ದೊಡ್ಡಮ್ಮಾ" ಎಂದು ಕೂಗಿದಳು. ಡೆಬ್ಬಿ ಅದೇ ನನ್ನ ಹೆಸರೆಂದು ತಿಳಿದು, ಕೈ ಕುಲುಕಿ, "ಸ್ವಾಗತ, ಡೋಡಾಮಾ" ಎಂದಳು. ಅಂದಿನಿಂದ ಆ ಕೊಳದ ಸುತ್ತ ನನಗಿಂತ ಹಿರಿಯರಿಗೂ ನಾನು ದೊಡ್ಡಮ್ಮನಾದೆ. ತಿದ್ದುವ ಗೋಜಿಗೆ ಹೋಗಲಿಲ್ಲ. ಇಂಚರಳ ಪಾಡು ಇನ್ನೂ ಮೋಜಿನದು. ಅವಳ ಹೆಸರು ನಾಲಿಗೆಗೆ ಹೊರಳದೆ ತಂಡದವರು ಅದನ್ನು ಕತ್ತರಿಸಿ "ಇಂಚ್" ಮಾಡಿದ್ದರು.

ಮುಂಜಾನೆಯ ಅಭ್ಯಾಸ

ಇಂಚ್ ನಿಜಕ್ಕೂ ಇಂಚಿಂಚಾಗಿಯೇ ಈಜುತ್ತಿದ್ದಳು.

ದಿನಾ ಬೆಳಿಗ್ಗೆ ರೇಖಾ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ನಮ್ಮಿಬ್ಬರನ್ನು ಕೊಳದ ಬಳಿ ಇಳಿಸುತ್ತಿದ್ದಳು. ಬೇಸಿಗೆ ಎನ್ನುತ್ತಾರೆ, ಬೆಳಗಿನ ನೀರು ಮಾತ್ರ ಬಿಸಿಲೆ ಘಾಟಿಯ ತೊರೆಯ ಹಾಗೆ ಕೊರೆಯುತ್ತದೆ. ಮಕ್ಕಳು ತುಟಿ ನೀಲಿಗಟ್ಟಿಸಿಕೊಂಡು ದಡದಲ್ಲಿ ನಡುಗುತ್ತಿದ್ದರು. ಕೋಚ್ ಮ್ಯಾಡಿ ಕಾಲೇಜು ಹುಡುಗಿ, ಉಣ್ಣೆಯ ಟೋಪಿ ಹಾಕಿ, ಮೈತುಂಬ ಕಂಬಳಿ ಹೊದ್ದು, "ನೀರು ಬೆಚ್ಚಗಿದೆ, ಧುಮುಕಿ!" ಎನ್ನುತ್ತಿದ್ದಳು. ನೀರಿಗಿಳಿಯದವರಿಗೆ ನೀರು ಎಲ್ಲ ದೇಶದಲ್ಲೂ ಬೆಚ್ಚಗೇ ಇರುತ್ತದೆ.

ಇಂಚರ ಅರ್ಧ ದೂರ ಚೆನ್ನಾಗಿಯೇ ಬರುವಳು. ಅಲ್ಲಿ ಸುಸ್ತಾಗಿ, ಎರಡು ಸಾಲುಗಳ ನಡುವೆ ಕಟ್ಟಿದ ತೇಲುವ ಹಗ್ಗ ಹಿಡಿದು ನಿಲ್ಲುವಳು. ಆಮೇಲೆ ಆಕಾಶ ನೋಡುವಳು. ಆಕಾಶದಲ್ಲಿ ಹಕ್ಕಿ ಇದ್ದರೆ ಇನ್ನೂ ಸ್ವಲ್ಪ ಹೊತ್ತು.

ಸಂಜೆ ರೇಖಾ ಡ್ಯೂಟಿ ಮುಗಿಸಿ ಬಂದವಳೇ ಸೋಫಾದ ಮೇಲೆ ಮಗಳನ್ನು ಬೋರಲು ಮಲಗಿಸಿ ಕಾಲು ಬಡಿಯುವುದನ್ನು ಹೇಳಿಕೊಡುತ್ತಿದ್ದಳು. "ಮಂಡಿ ಮಡಚ್ಬಾರ್ದು ಕಣೇ, ಸೊಂಟದಿಂದ ಬಡೀಬೇಕು." ಮುಖಕ್ಕೆ ನೀರು ಬಿದ್ದರೆ ಉಸಿರು ಕಟ್ಟುವ ನನ್ನ ತಂಗಿ, ಫೋನಿನಲ್ಲಿ ವಿಡಿಯೊ ನೋಡಿ ಈಜಿನ ಪಂಡಿತೆಯಾಗಿಬಿಟ್ಟಿದ್ದಳು. ಮಗುವೂ ಮರುಮಾತಾಡದೆ ಸೋಫಾದ ಮೇಲೆ ಈಜುತ್ತಿತ್ತು. ಅಲ್ಲಿ ಅವಳು ಒಮ್ಮೆಯೂ ನಿಂತದ್ದು ನಾನು ಕಾಣಲಿಲ್ಲ.

ಶುಕ್ರವಾರ: ಶ್ಯಾವಿಗೆ ಊಟ

ಶನಿವಾರ ಪಂದ್ಯ. ಅದರ ಹಿಂದಿನ ಸಂಜೆ ತಂಡದವರೆಲ್ಲ ಒಬ್ಬರ ಮನೆಯ ಅಂಗಳದಲ್ಲಿ ಸೇರಿ ಪಾಸ್ತಾ ತಿನ್ನುವುದು ಪದ್ಧತಿ. ಮೈಯಲ್ಲಿ ಕಸುವು ತುಂಬುತ್ತದಂತೆ. ಪಾಸ್ತಾ ಎಂದರೆ ಗೋಧಿಯ ಶ್ಯಾವಿಗೆಯೇ, ಬಗೆಬಗೆಯ ಆಕಾರದ್ದು. ಪ್ರತಿ ಮನೆಯವರೂ ಒಂದೊಂದು ಪಾತ್ರೆ ಒಯ್ಯಬೇಕು. ರೇಖಾಳ ಅಟ್ಟದ ಪೆಟ್ಟಿಗೆಯಲ್ಲಿ ಅಮ್ಮ ಕೊಟ್ಟ ಶ್ಯಾವಿಗೆ ಒರಳು ಇತ್ತು. ನಾನು ಅಕ್ಕಿಹಿಟ್ಟು ಬೇಯಿಸಿ ಒತ್ತುಶ್ಯಾವಿಗೆ ಮಾಡಿ, ಕಾಯಿಹಾಲಿನ ಜತೆ ಒಯ್ದೆ.

ಅಲ್ಲಿನ ಮಕ್ಕಳು ಮೊದಲು ಮೂಸಿ ನೋಡಿದರು. ಡೆಬ್ಬಿಯ ಕೊನೆಯ ಮಗ ಧೈರ್ಯ ಮಾಡಿ ಒಂದು ಎಳೆ ಬಾಯಿಗಿಟ್ಟ. ಆಮೇಲೆ ತಟ್ಟೆ ಹಿಡಿದು ಸಾಲು ನಿಂತರು. ಡೆಬ್ಬಿ ಬಂದು ಗಂಭೀರವಾಗಿ ಕೇಳಿದಳು. "ಇದರಲ್ಲಿ ಗೋಧಿ ಇದೆಯಾ? ಕಡಲೆಬೀಜ ಇದೆಯಾ? ಮೊಟ್ಟೆ?" ಕೆಲವು ಮಕ್ಕಳ ಮೈಗೆ ಅವು ಆಗಿಬರುವುದಿಲ್ಲವಂತೆ. ಎಲ್ಲಕ್ಕೂ ಇಲ್ಲ ಎಂದೆ. ಅವಳ ಮುಖದ ಮೇಲೆ, ದೇವರು ಪ್ರತ್ಯಕ್ಷನಾದರೆ ಕಾಣುವಂಥ ಬೆಳಕು ಬಂತು. ಪ್ರತಿ ಶುಕ್ರವಾರ ನಾನೇ ಅದನ್ನು ತರಬೇಕೆಂದು ನಿಂತ ನಿಲುವಿನಲ್ಲೇ ಗೊತ್ತುಮಾಡಿದಳು. ಪ್ರವಾಸಿ ವೀಸಾದ ಮೇಲೆ ಹೋದ ನಾನು ಈ ರೀತಿ ದುಡಿಮೆಗೆ ಹತ್ತಿದೆ.

ಅಂದು ನಾನು ಇನ್ನೊಂದನ್ನು ಗಮನಿಸಿದೆ. ಆ ಅಂಗಳದಲ್ಲಿ ರೇಖಾ ಗಟ್ಟಿಯಾಗಿ ನಗುತ್ತಿದ್ದಳು. ಮನೆಯಲ್ಲಿ ಮೂರು ಮಾತಿಗೆ ಒಮ್ಮೆ ಆಕಳಿಸುವವಳು ಡೆಬ್ಬಿಯ ಭುಜಕ್ಕೆ ಹೊಡೆದು ಹೊಡೆದು ನಗುತ್ತಿದ್ದಳು. ಇಂಚರ ಮೂಲೆಯ ಕಲ್ಲೊಂದನ್ನು ಮಗುಚಿ ಅದರಡಿಯ ಎರೆಹುಳ ನೋಡುತ್ತಿದ್ದಳು.

ಶನಿವಾರ: ಪಂದ್ಯ

ಬೆಳಕು ಹರಿಯುವ ಮೊದಲೇ ಆಸ್ಪತ್ರೆಯಿಂದ ರೇಖಾಳಿಗೆ ಫೋನು ಬಂತು. ಯಾರೋ ನರ್ಸ್ ಬರಲಿಲ್ಲವಂತೆ, ಇವಳು ಮಧ್ಯಾಹ್ನದವರೆಗೆ ಹೋಗಲೇಬೇಕು. ಪ್ರಸನ್ನ ಬೇರೆ ಊರಿನಲ್ಲಿದ್ದ. ಮನೆಯಿಂದ ಆಳು ಹೋಗದಿದ್ದರೆ ಇಂಚರ ಈಜುವಂತಿಲ್ಲ. ಇಂಚರ ಈಜದಿದ್ದರೆ ನಾಲ್ವರು ಪುಟ್ಟ ಹುಡುಗಿಯರು ಒಬ್ಬರಾದ ಮೇಲೊಬ್ಬರು ಈಜುವ ರಿಲೇ ಪಂದ್ಯಕ್ಕೆ ಒಬ್ಬಳು ಕಡಿಮೆ.

"ಅಕ್ಕ, ನೀನೇ ನಿಂತ್ಕ. ಗಡಿಯಾರ ಒತ್ತೋದಷ್ಟೇ."

"ಇಂಗ್ಲಿಷಲ್ಲಿ ಏನಾದ್ರೂ ಕೇಳಿದ್ರೆ?"

"ಯೆಸ್ ಅನ್ನು. ಡೆಬ್ಬಿ ಹೇಳಿದ್ದಕ್ಕೆ ಯಾರೂ ನೋ ಅನ್ನಲ್ಲ."

ಕೊಳದ ಸುತ್ತ ಸಂತೆಯಂತೆ ಡೇರೆಗಳು ಎದ್ದಿದ್ದವು. ಎದುರಾಳಿ ತಂಡವೂ ಬಂದಿತ್ತು. ಒಬ್ಬ ತಾಯಿ ಕಪ್ಪು ಪೆನ್ನು ಹಿಡಿದು ಮಕ್ಕಳ ತೋಳಿನ ಮೇಲೆ ಯಾವ ಪಂದ್ಯ, ಯಾವ ಸಾಲು ಎಂದು ಅಂಕಿ ಬರೆಯುತ್ತಿದ್ದಳು, ನಾವು ಸ್ಟೋರಿನಲ್ಲಿ ಕಾಫಿ ಮೂಟೆಗೆ ಗುರುತು ಹಾಕುವ ಹಾಗೆ. ಇಂಚರ ತೋಳು ಚಾಚಿ ನಿಂತಳು, ಬೆನ್ನು ಬಾಗಿಸಿ. ಮೂಟೆಗಾದರೂ ಅಷ್ಟು ಬೇಸರ ಇರಲಾರದು.

ಡೆಬ್ಬಿ ನನ್ನ ಕೊರಳಿಗೆ ಸ್ಟಾಪ್‌ವಾಚ್ ಹಾಕಿ, ಒಂದು ಸಾಲಿನ ತುದಿಯಲ್ಲಿ ನಿಲ್ಲಿಸಿದಳು. ಪಕ್ಕದಲ್ಲಿ ಎದುರಾಳಿ ತಂಡದ ಒಬ್ಬ ಗಂಡಸು, ಕಂಬದಂಥವನು. ಪಂದ್ಯ ಶುರುವಿನ ದೀಪ ಮಿಂಚಿದ ಕೂಡಲೇ ಒತ್ತಬೇಕು, ಮಗು ಗೋಡೆ ಮುಟ್ಟಿದ ಕೂಡಲೇ ಮತ್ತೆ ಒತ್ತಬೇಕು. ನಡುವೆ ಯಾರ ಪರವಾಗಿಯೂ ಕೂಗಬಾರದು. ದೀಪದ ಜತೆ ಹಾರ್ನೂ ಅರಚುತ್ತದೆ ಎಂದು ಯಾರೂ ಹೇಳಿರಲಿಲ್ಲ. ಬಾಳ್ಳುಪೇಟೆಯ ತಿರುವಿನಲ್ಲಿ ಲಾರಿ ಬೆನ್ನ ಹಿಂದೆ ಬಂದ ಹಾಗಾಯಿತು. ನಾನು ಗಡಿಯಾರ ಒತ್ತುವ ಬದಲು ಪಕ್ಕಕ್ಕೆ ಹಾರಿ ಕಂಬದಂಥವನ ಕಾಲು ತುಳಿದೆ. ಅವನೇ ಕ್ಷಮೆ ಕೇಳಿದ.

ಮಕ್ಕಳು ಗೋಡೆ ಮುಟ್ಟುವುದನ್ನು ನೋಡಲು ಬಗ್ಗಬೇಕು. ಬಗ್ಗಿದರೆ ಅವರು ಎರಚುವ ನೀರೆಲ್ಲ ನಮಗೇ. ಮೂರ್ನಾಲ್ಕು ಪಂದ್ಯದೊಳಗೆ ನನ್ನ ಚೂಡಿದಾರ ಮಂಡಿಯವರೆಗೆ ತೊಯ್ದು, ಕ್ಲೋರಿನ್ ವಾಸನೆ ಮೂಗಿಗೇರಿ, ಕೈ ಮಾತ್ರ ಪಳಗಿತ್ತು. ಒಳ್ಳೆಯದನ್ನೂ ಹೇಳಬೇಕಲ್ಲ. ನಮ್ಮ ತಾಲ್ಲೂಕು ಕ್ರೀಡಾಕೂಟದಲ್ಲಿ ಕೊನೆಗೆ ಓಡಿ ಬಂದವನು ಗೆರೆ ಮುಟ್ಟುವ ಮೊದಲೇ ಪಕ್ಕದ ಪೊದೆಗೆ ನುಸುಳಿಬಿಡುತ್ತಾನೆ, ನಗೆಗೆ ಹೆದರಿ. ಅಲ್ಲಿ ಕೊನೆಯ ಮಗುವಿಗೂ ಹೆತ್ತವರಲ್ಲದವರು ಕೂಗಿ ಹುರಿದುಂಬಿಸುತ್ತಿದ್ದರು. ಎಂಥ ಒಳ್ಳೆಯ ಜನ ಎಂದುಕೊಂಡೆ.

ರಿಲೇ ಬಂತು. ಮೊದಲ ಮೂವರು ಹುಡುಗಿಯರು ಮೀನಿನ ಹಾಗೆ ಹೋಗಿ ಬಂದರು. ನಮ್ಮ ತಂಡ ಮುಂದಿತ್ತು. ಆಚೆ ದಡದಿಂದ ನಾಲ್ಕನೆಯವಳಾಗಿ ಇಂಚರ ನೀರಿಗೆ ಬಿದ್ದಳು. ಅವಳು ಬರಬೇಕಾದದ್ದು ನಾನು ನಿಂತ ಸಾಲಿಗೇ.

ಅರ್ಧ ದೂರ ಬಂದಳು. ಹಗ್ಗ ಹಿಡಿದಳು.

ಪಕ್ಕದ ಸಾಲಿನವರು ದಾಟಿಹೋದರು. ಎಲ್ಲರೂ ಮುಗಿಸಿದರು. ಆ ದೊಡ್ಡ ನೀಲಿ ನೀರಿನ ನಡುವೆ ಅವಳ ಟೋಪಿ ಒಂದೇ ತೇಲುತ್ತಿತ್ತು. ಆಗ ಎರಡೂ ತಂಡದ ಜನ, ಮುದುಕರು ಮಕ್ಕಳು ಎನ್ನದೆ, ಎದ್ದು ನಿಂತು ಚಪ್ಪಾಳೆ ಶುರು ಮಾಡಿದರು. "ಇಂಚ್! ಇಂಚ್! ಇಂಚ್!" ಅವಳು ಸುತ್ತ ನೋಡಿದಳು. ಅಷ್ಟು ದೂರದಿಂದಲೂ ಅವಳ ಮುಖ ಕಂಡಿತು. ತೋಟದಲ್ಲಿ ಪಟಾಕಿ ಹೊಡೆದಾಗ ಗುಂಪು ತಪ್ಪಿದ ಆನೆಮರಿ ಹೀಗೇ ನೋಡುವುದನ್ನು ನಾನು ಕಂಡಿದ್ದೇನೆ. ಯಾವ ಕಡೆ ಓಡುವುದು ಗೊತ್ತಾಗದ ನೋಟ ಅದು.

ನಿಯಮ ಮರೆತುಹೋಯಿತು. ಗಡಿಯಾರವೂ ಮರೆತುಹೋಯಿತು. "ಇಲ್ನೋಡು ಮಗಾ! ಅವ್ರುನ್ನ ನೋಡ್ಬ್ಯಾಡ, ನನ್ನ ನೋಡು. ಹಗ್ಗ ಬುಡು. ನಿಧಾನಕ್ಕೆ ಬಾ. ಯಾವ ಬಸ್ಸೂ ಹೋಗ್ತಿಲ್ಲ, ಬಾ!"

ಕಂಬದಂಥವನು ನನ್ನ ಕಡೆ ತಿರುಗಿದ. ಇಂಚರಳೂ ತಿರುಗಿದಳು. ಹಗ್ಗ ಬಿಟ್ಟಳು. ಬಂದಳು, ನಾಯಿಮರಿ ನೀರು ದಾಟುವ ಹಾಗೆ, ತಲೆ ಮೇಲೆತ್ತಿಕೊಂಡು. ಗೋಡೆ ಮುಟ್ಟಿದಾಗ ಕೊಳವೆಲ್ಲ ಕಿರುಚಿತು. ನಾನೂ ಚಪ್ಪಾಳೆ ಹೊಡೆದೆ.

"ಡೋಡಾಮಾ! ಗಡಿಯಾರ!" ಡೆಬ್ಬಿ ಓಡಿ ಬಂದಳು. ನನ್ನದು ಇನ್ನೂ ಓಡುತ್ತಿತ್ತು. ಪುಣ್ಯಕ್ಕೆ ಕಂಬದಂಥವನು ಒತ್ತಿದ್ದ.

ಮೇಲೆ ಬಂದ ಇಂಚರಳನ್ನು ತಬ್ಬಲು ಮ್ಯಾಡಿ ಕೈ ಚಾಚಿದಳು. ಮಗು ಅವಳ ತೋಳಿನಡಿಯಿಂದ ನುಸುಳಿ ಹೋಗಿಯೇಬಿಟ್ಟಿತು.

ಗುಡುಗು

ಅಷ್ಟರಲ್ಲಿ ದೂರದಲ್ಲಿ ಎಲ್ಲೋ ಒಂದು ಗುಡುಗು ಉರುಳಿತು. ಅಕ್ಕಿ ಮೂಟೆ ಅಟ್ಟದ ಮೇಲೆ ಎಳೆದಷ್ಟು ಸದ್ದು. ಸೀಟಿಗಳು ಮೊಳಗಿದವು. ಎಲ್ಲರೂ ನೀರಿನಿಂದ ಆಚೆ, ಡೇರೆಯಿಂದ ಆಚೆ, ಕಾರಿನೊಳಗೆ! ಗುಡುಗು ನಿಂತು ಅರ್ಧ ಗಂಟೆ ಆಗುವವರೆಗೆ ಯಾರೂ ಕೊಳದ ಹತ್ತಿರ ಸುಳಿಯುವಂತಿಲ್ಲ. ನಮ್ಮ ಊರಿನಲ್ಲಿ ಈ ನಿಯಮ ತಂದರೆ ಮಳೆಗಾಲಕ್ಕೆ ಮುಂಚಿನ ಎರಡು ತಿಂಗಳು ಯಾರೂ ಹಟ್ಟಿಯಿಂದ ಹಸು ಬಿಚ್ಚುವ ಹಾಗಿಲ್ಲ. ಆನೆ ಬಂದಿದೆ ಎಂದು ಅರಣ್ಯ ಇಲಾಖೆಯಿಂದ ಫೋನಿಗೆ ಸಂದೇಶ ಬಂದರೂ ನಾವು ಒಂದು ಲೋಟ ಕಾಫಿ ಕುಡಿದೇ ಏಳುವವರು.

ರೇಖಾ ಆಗಷ್ಟೇ ಡ್ಯೂಟಿ ಮುಗಿಸಿ ಆಸ್ಪತ್ರೆಯ ಸಮವಸ್ತ್ರದಲ್ಲೇ ಬಂದು ಬೇಲಿಯ ಬಳಿ ನಿಂತಿದ್ದಳು. ರಿಲೇ ನೋಡಿದ್ದಳು. ಮೂವರೂ ಕಾರಿನೊಳಗೆ ಕೂತೆವು. ಇಂಚರ ಹಿಂದಿನ ಸೀಟಿನಲ್ಲಿ ಟವೆಲ್ಲಿನೊಳಗೆ ಮುದುಡಿದ್ದಳು. ಗಾಜಿನ ಮೇಲೆ ಮಳೆ ಹೊಯ್ಯುತ್ತಿತ್ತು.

"ಎಲ್ರೂ ಎಷ್ಟು ಚೆನ್ನಾಗಿ ಕ್ಲಾಪ್ ಮಾಡಿದ್ರು ಅಲ್ವಾ ಪುಟ್ಟಿ? ಖುಷಿಯಾಯ್ತಾ?" ರೇಖಾ ಸಭೆಯಲ್ಲಿ ಕಲಿತ ಪ್ರಶ್ನೆಯನ್ನೇ ಕೇಳಿದಳು.

"ಫಾಸ್ಟಾಗಿ ಬಂದೋರಿಗೆ ಯಾರೂ ಹಂಗೆ ಎದ್ದು ನಿಲ್ಲಲ್ಲ" ಎಂದಿತು ಮಗು. "ಸ್ಲೋ ಇರೋರಿಗೆ ಮಾತ್ರ. ಎಲ್ರಿಗೂ ಗೊತ್ತಾಗ್ಲಿ ಅಂತ."

ನಾನು ಸೀಟಿನಲ್ಲೇ ಕುಗ್ಗಿದೆ. ಚಪ್ಪಾಳೆ ಹೊಡೆದವರಲ್ಲಿ ನಾನೂ ಒಬ್ಬಳಲ್ಲವೇ.

ರೇಖಾ ಹಿಂದೆ ತಿರುಗಿದಳು. "ಹಂಗಲ್ಲ ಪುಟ್ಟಿ..."

"ನಂಗೆ ಸ್ವಿಮ್ ಟೀಮ್ ಇಷ್ಟ ಇಲ್ಲಮ್ಮ. ಹೋದ್ವರ್ಷಾನೂ ಇಷ್ಟ ಇರ್ಲಿಲ್ಲ."

"ಮತ್ತೆ ಹೇಳ್ಬಾರ್ದಿತ್ತಾ? ನಿಂಗೆ ಇಷ್ಟ ಅಂತ ತಾನೇ ನಾನು ಡ್ಯೂಟಿ ಬದ್ಲಾಯಿಸ್ಕೊಂಡು, ನಿದ್ದೆಗೆಟ್ಟು..."

"ನಾನು ಬಿಟ್ರೆ ನಿಂಗೆ ಫ್ರೆಂಡ್ಸ್ ಇರಲ್ವಲ್ಲ" ಎಂದಳು ಇಂಚರ. "ಅಪ್ಪ ಯಾವಾಗ್ಲೂ ಟೂರ್. ನೀನು ಇಲ್ಲಿ ಮಾತ್ರ ನಗ್ತೀಯ."

ರೇಖಾ ಸ್ಟಿಯರಿಂಗ್ ಹಿಡಿದು ಎದುರಿನ ಗಾಜನ್ನೇ ನೋಡುತ್ತಾ ಕೂತಳು. ಇಬ್ಬರೂ ಒಬ್ಬರಿಗಾಗಿ ಒಬ್ಬರು ಎರಡು ಬೇಸಿಗೆ ನಡುಗಿದ್ದರು. ಕೇಳಿದ್ದರೆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಮನೆಯವರಿಂದ ನಿರೀಕ್ಷಿಸುವುದನ್ನು ಅಷ್ಟುದ್ದ ಹೇಳಿದ ಸಭೆಯಲ್ಲಿ, ಈಜಬೇಕೇ ಎಂದು ಮಗುವನ್ನು ಕೇಳಿ ಎಂಬ ಒಂದು ಸಾಲು ಮಾತ್ರ ಇರಲಿಲ್ಲ.

"ಅಕ್ಕ, ನೀನಾದ್ರೂ ಏನಾದ್ರೂ ಹೇಳೇ" ಎಂದಳು ತಂಗಿ. ಅವಳ ಕಣ್ಣು ತುಂಬಿತ್ತು.

"ನಾನೇನ್ ಹೇಳ್ಲಿ? ಮಗು ನಿನಗಿಂತ ದೊಡ್ಡದಾಗಿ ಬೆಳ್ದುಬುಟ್ಟೈತೆ. ಟೀಮ್ ಬುಡ್ಸು. ಮನೀಗ್ ಹೋಗನ ನಡಿ, ಬಿಸಿಬಿಸಿ ಅಕ್ಕಿರೊಟ್ಟಿ ತಟ್ತೀನಿ."

"ಬಿಡಿಸ್ತೀನಿ" ಎಂದಳು. ಕಣ್ಣೊರೆಸಿಕೊಂಡಳು. ಆಮೇಲೆ ತಪ್ಪು ಮಾಡಿದವಳ ಹಾಗೆ ದನಿ ತಗ್ಗಿಸಿ, "ಆದ್ರೆ ಅಕ್ಕ, ನಂಗೆ ಇಷ್ಟ ಐತೆ ಕಣೇ. ಹೋದ್ ಚಳಿಗಾಲ್ದಲ್ಲಿ ನಂಗೆ ಜ್ವರ ಬಂದು ಮಲಗಿದ್ದಾಗ ಬಾಗ್ಲು ಬಡ್ದು ಸೂಪ್ ಕೊಟ್ಟೋಳು ಡೆಬ್ಬಿ ಒಬ್ಳೇ. ಈ ಊರಲ್ಲಿ ಇಷ್ಟು ವರ್ಷದಲ್ಲಿ ನನ್ನ ಹೆಸ್ರು ಹಿಡಿದು ಕೂಗೋ ಜಾಗ ಇದೊಂದೇ" ಎಂದಳು.

ಇಂಚರ ಟವೆಲ್ಲಿನಿಂದ ತಲೆ ಹೊರಗೆ ಹಾಕಿದಳು. "ಹಂಗಾದ್ರೆ ನೀನು ಬಾ. ನಾನು ಬರಲ್ಲ."

ಆ ದೇಶದ ಈಜುಕೊಳಗಳ ಇತಿಹಾಸದಲ್ಲಿ ಅಂಥದ್ದೊಂದು ಏರ್ಪಾಟು ಯಾರಿಗೂ ಹೊಳೆದಿರಲಾರದು.

ಮಳೆ ನಿಂತು ಸೀಟಿ ಊದಿದಾಗ ಮಗು ತಾನೇ ಹೋಗಿ ಮ್ಯಾಡಿಗೆ ಹೇಳಿತು, ಇನ್ನು ಈಜುವುದಿಲ್ಲ ಎಂದು. ಮ್ಯಾಡಿ ಸರಿ ಎಂದಳು, ಅಷ್ಟೇ. ಡೆಬ್ಬಿಗೆ ಹೇಳಲು ಹೋದ ರೇಖಾ ತಡವಾಗಿ ಬಂದಳು, ಕೊರಳಲ್ಲಿ ಸ್ಟಾಪ್‌ವಾಚ್ ಹಾಕಿಕೊಂಡು. "ಮಗು ಹೋಗ್ಲಿ, ನೀನು ಹೋಗ್ಬೇಡ ಅಂತ ಅತ್ತುಬುಟ್ಲು ಕಣಕ್ಕ." ಆ ಸೀಟಿಯ ಹೆಂಗಸು ಅಳುತ್ತಾಳೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಅಕ್ಕಿರೊಟ್ಟಿಯ ಮಾತು ಅಲ್ಲಿಗೇ ಬಿತ್ತು. ಪಂದ್ಯ ಮುಗಿಯುವವರೆಗೆ ಅಕ್ಕತಂಗಿ ಇಬ್ಬರೂ ಒಂದೇ ಸಾಲಿನ ತುದಿಯಲ್ಲಿ, ಯಾರ್‍ಯಾರದೋ ಮಕ್ಕಳು ಎರಚಿದ ನೀರಿನಲ್ಲಿ ನೆನೆಯುತ್ತಾ ಗಡಿಯಾರ ಒತ್ತಿದೆವು.

ಫೋಟೊ ತೆಗೆಸಿದ ದಿನ

ಆಮೇಲಿನ ಶನಿವಾರಗಳಂದು ರೇಖಾ ಬೆಳಿಗ್ಗೆ ಎದ್ದು, ತಂಡದ ಹೆಸರಿನ ಅಂಗಿ ತೊಟ್ಟು ಹೊರಡುತ್ತಿದ್ದಳು. ಮಗಳು ಪೈಜಾಮದಲ್ಲಿ ಕೂತು ಕೈ ಬೀಸುತ್ತಿದ್ದಳು. ಮನಸ್ಸಾದ ದಿನ ತಾನೂ ಬಂದು, ಬೇಲಿಯಾಚೆಯ ಜೌಗಿನಲ್ಲಿ ಕಪ್ಪೆ ಹುಡುಕುತ್ತಿದ್ದಳು. ಈಜುವ ಮಗುವೇ ಇಲ್ಲದ ಈಜು ಸಂಸಾರ ನಮ್ಮದಾಯಿತು. ನಾನು ಶುಕ್ರವಾರದ ಶ್ಯಾವಿಗೆ ಒತ್ತುತ್ತಿದ್ದೆ. ತೋಟಕ್ಕೆ ಫೋನ್ ಮಾಡಿದಾಗ ನಮ್ಮವರು, "ಏನ್ ನೋಡ್ದೆ ಇವತ್ತು?" ಎನ್ನುತ್ತಿದ್ದರು. "ಕೊಳ" ಎನ್ನುತ್ತಿದ್ದೆ.

ನಾನು ಹೊರಡುವ ವಾರ ತಂಡದ ಫೋಟೊ ತೆಗೆಸಿದರು. ಫೋಟೊ ತೆಗೆಯುವ ಯುವಕ ಹೊಸಬ. ಮಕ್ಕಳನ್ನು ಮುಂದೆ ಕೂರಿಸಿ, ದೊಡ್ಡವರು ತಂತಮ್ಮ ಮಗುವಿನ ಹಿಂದೆ ನಿಲ್ಲಿ ಎಂದ. ಎಲ್ಲರೂ ನಿಂತರು. ರೇಖಾ ಮಾತ್ರ ಆ ತುದಿಗೊಮ್ಮೆ ಈ ತುದಿಗೊಮ್ಮೆ ಹೋಗಿ, ಎಲ್ಲಿ ನಿಲ್ಲಬೇಕೆಂದು ತಿಳಿಯದೆ ತಡವರಿಸಿದಳು.

"ಮೇಡಂ, ನಿಮ್ಮ ಮಗು ಯಾವುದು?" ಎಂದ ಅವನು. ಕೆಲವರು ತಿರುಗಿ ನೋಡಿದರು. ನನ್ನ ತಂಗಿಯ ಮುಖ ಕೆಂಪಾಯಿತು. ಪಕ್ಕಕ್ಕೆ ಸರಿದು ಬಂದುಬಿಡುವವಳಿದ್ದಳು.

ಬೇಲಿಯಾಚೆಯಿಂದ, ಕೆಸರು ಮೆತ್ತಿದ ಮಂಡಿಯ ಇಂಚರ, ಎರಡೂ ಕೈಯಲ್ಲಿ ಏನನ್ನೋ ಮುಚ್ಚಿ ಹಿಡಿದುಕೊಂಡು, ಇಂಗ್ಲಿಷಿನಲ್ಲಿ ಇಡೀ ಕೊಳಕ್ಕೆ ಕೇಳುವ ಹಾಗೆ ಕೂಗಿದಳು.

"ಆಕೆ ನಮ್ಮಮ್ಮ! ಟೀಮಲ್ಲಿರೋದು ಆಕೆ, ನಾನಲ್ಲ!"

ಡೆಬ್ಬಿ ಸೀಟಿ ಊದಿ ಮಕ್ಕಳನ್ನು ಆಚೀಚೆ ಸರಿಸಿ, ರೇಖಾಳನ್ನು ರಟ್ಟೆ ಹಿಡಿದು ತಂದು, ಮುಂದಿನ ಸಾಲಿನ ನಟ್ಟನಡುವೆ ನೆಲದ ಮೇಲೆ ಕೂರಿಸಿದಳು.